ಒಳಜ್ವರ

"ಶೀತ ಆಗಿರೋದು ಮೂಗಿಗೆ. ಸೊಂಟ ಯಾಕೋ ಹಿಡ್ಕೊಂಡಿದ್ದೀಯ?"

ಅವ್ವ ಗೇಲಿ ಮಾಡಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದಳು. ಜುಲೈ ಮುಗಿದು ಆಗಸ್ಟ್ ಹುಟ್ಟಿದ ಬೆಳಿಗ್ಗೆ ಅದು. ಆಟಿ ತಿಂಗಳ ಮಳೆ ಎಡೆಬಿಡದೆ ಹೊಡೆಯುತ್ತಿತ್ತು. ಗಂಬೂಟು ಹಾಕಿಕೊಳ್ಳಲು ಬಗ್ಗಿದ ನಾನು ಅರ್ಧಕ್ಕೇ ನಿಂತುಬಿಟ್ಟಿದ್ದೆ. ಹಿಂದಿನ ದಿನ ಶುರುವಾದ ಸೀನು, ರಾತ್ರಿಯಿಡೀ ಕಟ್ಟಿಕೊಂಡ ಮೂಗು, ಗಂಟಲ ಕೆರೆತ, ಇಷ್ಟೂ ಮಾಮೂಲು. ಆದರೆ ಹಾಸಿಗೆಯಿಂದ ಏಳುವಾಗ ಸೊಂಟದಿಂದ ಹೆಗಲವರೆಗೂ ಯಾರೋ ಒನಕೆಯಲ್ಲಿ ಕುಟ್ಟಿ ಹೋದ ಹಾಗಿತ್ತು. ತೊಡೆ ಭಾರ. ಕಣ್ಣುಗುಡ್ಡೆ ಆ ಕಡೆ ಈ ಕಡೆ ತಿರುಗಿಸಿದರೂ ನೋವು. ಥರ್ಮಾಮೀಟರ್ ಇಟ್ಟು ನೋಡಿದರೆ 98.4.

"ಜ್ವರ ಇಲ್ಲ ಅವ್ವ."

"ಅದರಲ್ಲಿ ಕಾಣಲ್ಲ ಬಿಡು. ಒಳಜ್ವರ."

ಇಪ್ಪತ್ತು ವರ್ಷದವನಿದ್ದಾಗ ಈ ಮಾತಿಗೆ ನಕ್ಕಿದ್ದೇನೆ. ಜ್ವರ ಅಂದರೆ ಮೈ ಬಿಸಿ, ಬಿಸಿ ಅಂದರೆ ಅಳತೆಗೆ ಸಿಗುವಂಥದ್ದು, ಅಳತೆಗೆ ಸಿಗದ ಜ್ವರ ಎಂಥದ್ದು ಅಂತ ವಾದ ಮಾಡುತ್ತಿದ್ದೆ. ಈಗ ಐವತ್ತು ದಾಟಿದೆ. ಈ ಸಲ ಮೂರು ದಿನ ಒಲೆಯ ಪಕ್ಕ ಕಂಬಳಿ ಹೊದ್ದು ಕೂರಬೇಕಾಗಿ ಬಂದದ್ದರಿಂದ, ಮೊಬೈಲಿನಲ್ಲೂ ಹಳೆಯ ಪುಸ್ತಕಗಳಲ್ಲೂ ಇದನ್ನೇ ಹುಡುಕಿ ಓದಿದೆ. ಅವ್ವನ ಪ್ರಶ್ನೆಗೆ ಉತ್ತರ ಇತ್ತು. ಅವ್ವನ ಉತ್ತರದಲ್ಲೂ ನಾನು ಅಂದುಕೊಂಡಿದ್ದಕ್ಕಿಂತ ಹೆಚ್ಚು ಹುರುಳಿತ್ತು. ಜೊತೆಗೆ ಆ ಒಂದು ಮಾತನ್ನು ಎಲ್ಲದಕ್ಕೂ ಅಂಟಿಸಿದರೆ ಏನಾಗುತ್ತದೆ ಎಂಬುದೂ ನಮ್ಮ ತೋಟದಲ್ಲೇ ಒಮ್ಮೆ ಆಗಿಹೋಗಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ನಮ್ಮದು ಸೋಮವಾರಪೇಟೆ ಕಡೆ. ನಾಲ್ಕು ಎಕರೆ ಅರೇಬಿಕಾ ಕಾಫಿ, ನೆರಳಿನ ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಮಳೆಗಾಲದಲ್ಲಿ ತೋಟದಲ್ಲಿ ಕೆಲಸ ಇರುವುದಿಲ್ಲ ಅಂತ ಪೇಟೆಯ ನೆಂಟರು ತಿಳಿದಿದ್ದಾರೆ. ಚರಂಡಿ ಕಟ್ಟಿದರೆ ಬಿಡಿಸಬೇಕು, ಗಿಡದ ಬುಡದಲ್ಲಿ ನೀರು ನಿಂತರೆ ಕಾಫಿ ಉದುರುತ್ತದೆ, ಎಲೆ ಕೊಳೆತು ಜೋತುಬಿದ್ದ ರೆಂಬೆಗಳನ್ನು ಆರಿಸಿ ತೆಗೆಯಬೇಕು. ಶೀತ ಹಿಡಿಯುವ ಮುಂಚಿನ ಎರಡು ದಿನ ನಾನೂ ಗುದ್ದಲಿ ಹಿಡಿದು ಮೇಲಿನ ಚರಂಡಿ ಬಿಡಿಸಿದ್ದೆ. ಈ ವಿಷಯ ಆಮೇಲೆ ಮತ್ತೆ ಬರುತ್ತದೆ.

ಶೀತ ತರುವ ವೈರಸ್ಸುಗಳು ಇನ್ನೂರಕ್ಕೂ ಹೆಚ್ಚಿವೆಯಂತೆ. ಅವುಗಳಲ್ಲಿ ದೊಡ್ಡ ಸಂಸಾರ ರೈನೋವೈರಸ್ಸಿನದು. ಅದೊಂದರಲ್ಲೇ 160ಕ್ಕೂ ಮಿಕ್ಕಿದ ಬಗೆಗಳು. ಗ್ರೀಕ್ ಭಾಷೆಯಲ್ಲಿ ಆ ಹೆಸರಿನ ಮೊದಲರ್ಧಕ್ಕೆ ಮೂಗು ಅಂತಲೇ ಅರ್ಥ. ಹೆಸರಿಗೆ ತಕ್ಕ ಜೀವಿ. ಮೂಗಿನೊಳಗಿನ ತಂಪು, ಸುಮಾರು 33 ಡಿಗ್ರಿ ಸೆಲ್ಸಿಯಸ್, ಅದಕ್ಕೆ ಹೇಳಿಮಾಡಿಸಿದ ಜಾಗ. ಮೈಯ ಒಳಗಿನ 37 ಡಿಗ್ರಿ ಅದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಹಾಗಾಗಿ ಅದು ಮೂಗು, ಗಂಟಲು ಬಿಟ್ಟು ಸೊಂಟಕ್ಕೆ ಇಳಿಯುವ ಪೈಕಿಯಲ್ಲ. ಅಂದರೆ ಅವ್ವನ ಪ್ರಶ್ನೆ ಸರಿಯಾದದ್ದೇ: ಕಳ್ಳ ನುಗ್ಗಿದ್ದು ಮುಂಬಾಗಿಲಲ್ಲಿ, ಹಿತ್ತಲಲ್ಲಿ ಯಾಕೆ ಬೊಬ್ಬೆ?

ಇದಕ್ಕೆ ನಮ್ಮೂರಿನದೇ ಒಂದು ಉದಾಹರಣೆ ಇದೆ. ಯಾರದೋ ಒಬ್ಬರ ತೋಟಕ್ಕೆ ಆನೆ ಬಂತು ಅನ್ನಿ. ಆನೆ ಇರುವುದು ಅವರೊಬ್ಬರ ತೋಟದಲ್ಲಿ. ಹತ್ತು ನಿಮಿಷದಲ್ಲಿ ಊರಿನ ವಾಟ್ಸಾಪ್ ಗ್ರೂಪಿನಲ್ಲೆಲ್ಲ ಸುದ್ದಿ. ಅರಣ್ಯ ಇಲಾಖೆಯ ಜೀಪು ಬರುತ್ತದೆ, ಪಟಾಕಿ ಹೊಡೆಯುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲ, ಸುತ್ತಲಿನ ಏಳೆಂಟು ತೋಟಗಳಲ್ಲಿ ಆ ದಿನ ಕೆಲಸ ಬಂದ್. ಸಂಜೆ ಲೆಕ್ಕ ಹಾಕಿದರೆ ಆನೆ ಮುರಿದದ್ದು ನಾಲ್ಕು ಬಾಳೆ. ಊರಿಗೆ ಆದ ನಷ್ಟವೆಲ್ಲ ಊರೇ ಹುಷಾರಾಗಿದ್ದರಿಂದ ಆದದ್ದು.

ಮೂಗಿಗೆ ವೈರಸ್ ಹೊಕ್ಕಾಗ ಅಲ್ಲಿನ ಜೀವಕೋಶಗಳೂ ಹೀಗೇ ಸುದ್ದಿ ಕಳಿಸುತ್ತವೆ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್, ಜೀನ್ ಲಿಂಡೆನ್‌ಮನ್ ಎಂಬ ಇಬ್ಬರು ಅಂಥದ್ದೊಂದು ಸುದ್ದಿಗಾರ ವಸ್ತುವನ್ನು ಮೊದಲು ಗುರುತಿಸಿ ಇಂಟರ್‌ಫೆರಾನ್ ಅಂತ ಹೆಸರಿಟ್ಟರು. ಮುಂದೆ ಇಂಟರ್‌ಲ್ಯೂಕಿನ್ ಎಂಬ ಗುಂಪಿನವು ಗೊತ್ತಾದವು. ಇವು ರಕ್ತದಲ್ಲಿ ಹರಿದಾಡಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ಪ್ರೊಸ್ಟಾಗ್ಲಾಂಡಿನ್ ಎಂಬ ಇನ್ನೊಂದು ವಸ್ತುವನ್ನು ಹೆಚ್ಚಿಸುತ್ತವೆ. ಅದು ಹೆಚ್ಚಾದ ಕಡೆ ನೋವು ತಿಳಿಸುವ ನರತುದಿಗಳು ಸೂಕ್ಷ್ಮವಾಗುತ್ತವೆ. ನಿನ್ನೆಯವರೆಗೆ ಅವು ಸುಮ್ಮನೆ ಸಹಿಸುತ್ತಿದ್ದ ಬಿಗಿತ, ಎಳೆತ ಎಲ್ಲ ಇವತ್ತು ನೋವಾಗಿ ಕೇಳಿಸುತ್ತದೆ.

ಇದನ್ನು ಓದಿದಾಗ ನನಗೆ ಮೊದಲು ಅಷ್ಟು ನಂಬಿಕೆ ಬರಲಿಲ್ಲ. ಬಂದದ್ದು ಇನ್ನೊಂದು ಸಂಗತಿ ಓದಿದ ಮೇಲೆ. ಹೆಪಟೈಟಿಸ್ ಸಿ ಕಾಯಿಲೆಗೆ ಹೊಸ ಮಾತ್ರೆಗಳು ಬರುವ ಮುಂಚೆ ಇಂಟರ್‌ಫೆರಾನನ್ನೇ ಇಂಜೆಕ್ಷನ್ ಮಾಡಿ ಕೊಡುತ್ತಿದ್ದರು. ಚುಚ್ಚಿಸಿಕೊಂಡ ಕೆಲವು ಗಂಟೆಗಳಲ್ಲೇ ಎಷ್ಟೋ ಜನರಿಗೆ ಚಳಿ, ಮೈಕೈ ನೋವು, ಬೆನ್ನು ನೋವು, ಸುಸ್ತು. ಅವರ ಮೂಗಿನಲ್ಲಿ ಶೀತದ ವೈರಸ್ ಒಂದೂ ಇರಲಿಲ್ಲ. ಆನೆ ಇಲ್ಲದೆ ಬರೀ ಸುದ್ದಿಗೇ ಊರು ಬಂದ್ ಆದ ಹಾಗೆ.

ಹಾಗಾದರೆ ಬೆನ್ನಿಗೇ ಯಾಕೆ ಹೆಚ್ಚು? ನನಗೆ ತೋಚುವುದು ಇಷ್ಟು. ಮೈಯಲ್ಲಿ ರಜೆ ಇಲ್ಲದ ಸ್ನಾಯುಗಳೆಂದರೆ ಬೆನ್ನಿನವು. ಕೂತರೂ ನಿಂತರೂ ನಮ್ಮನ್ನು ಎತ್ತಿ ಹಿಡಿದಿರುವವು. ದಿನವೂ ಏನಾದರೂ ಸಣ್ಣ ದೂರು ಅವುಗಳಲ್ಲಿ ಇದ್ದೇ ಇರುತ್ತದೆ, ಕೇಳುವ ಕಿವಿ ಇರುವುದಿಲ್ಲ ಅಷ್ಟೆ. ನನ್ನದಂತೂ ಎರಡು ದಿನದ ಚರಂಡಿ ಕೆಲಸದ ಬೆನ್ನು. ಶೀತ ಬಂದು ಆ ಕಿವಿ ತೆರೆಯಿತು. ಗುದ್ದಲಿ ಹಿಡಿಯದಿದ್ದರೆ ಬಹುಶಃ ಬರೀ ಮೈ ಭಾರ ಅನ್ನಿಸಿ ಹೋಗುತ್ತಿತ್ತೇನೋ. ಈ ಮಾತನ್ನು ಮನೆಯಲ್ಲಿ ಹೇಳಲಿಲ್ಲ. ಚರಂಡಿ ಕೆಲಸಕ್ಕೆ ಆಳು ಕರೀರಿ, ನಿಮ್ಮ ವಯಸ್ಸೆಷ್ಟು ಅಂತ ಹೆಂಡತಿ ಮೊದಲೇ ಹೇಳಿದ್ದಳು. ಅದಕ್ಕೆ ಮೂರು ದಿನವೂ ತಪ್ಪನ್ನೆಲ್ಲ ಶೀತದ ಮೇಲೆ ಹಾಕಿದೆ.

ಮೂರನೆಯ ದಿನದ ಹೊತ್ತಿಗೆ ಕೆಮ್ಮೂ ಸೇರಿಕೊಂಡಿತು. ಅದರ ನೋವು ಬೇರೆ ಬಗೆ. ಮೊದಲಿನದು ಮೈತುಂಬ ಹರಡಿದ, ಎಲ್ಲಿ ಅಂತ ಬೆರಳಿಟ್ಟು ತೋರಿಸಲಾಗದ ನೋವು. ಇದು ಪಕ್ಕೆಲುಬಿನ ಸಾಲಿನಲ್ಲಿ, ಸೊಂಟದ ಎಡಗಡೆ ಒಂದು ಜಾಗದಲ್ಲಿ ಕೆಮ್ಮಿದಾಗೆಲ್ಲ ಚಳಕ್ ಅನ್ನುವಂಥದ್ದು. ಕೆಮ್ಮುವಾಗ ಹೊಟ್ಟೆಯ, ಪಕ್ಕೆಯ, ಬೆನ್ನಿನ ಸ್ನಾಯುಗಳು ಒಟ್ಟಿಗೆ ಬಿಗಿದು ಒಳಗಿನ ಒತ್ತಡ ಒಮ್ಮೆಲೇ ಏರುತ್ತದೆ. ದಿನಕ್ಕೆ ನೂರಾರು ಸಲ ಹಾಗೆ ಬಿಗಿದರೆ ಯಾವ ಸ್ನಾಯುವಾದರೂ ಸೋಲುತ್ತದೆ. ಬೆನ್ನುಮೂಳೆಯ ನಡುವಿನ ಡಿಸ್ಕ್ ಮೊದಲೇ ಜಾರಿದ್ದವರಿಗೆ ಒಂದು ಕೆಮ್ಮು ತೊಡೆಯಿಂದ ಪಾದದವರೆಗೆ ಮಿಂಚು ಹೊಡೆಸಬಹುದು. ಕೆಮ್ಮು ಬಂದಾಗ ಬಗ್ಗಬೇಡಿ, ಗೋಡೆಗೋ ಕುರ್ಚಿಯ ಬೆನ್ನಿಗೋ ಒರಗಿ, ದಿಂಬನ್ನು ಹೊಟ್ಟೆಗೆ ಅಪ್ಪಿಕೊಂಡು ಕೆಮ್ಮಿ ಅಂತ ನಮ್ಮ ಡಾಕ್ಟರು ಹಿಂದೆಂದೋ ಹೇಳಿದ್ದರು. ದಿಂಬು ಅಪ್ಪಿಕೊಂಡು ಕೂತ ನನ್ನ ಅವತಾರ ನೋಡಿ ನಮ್ಮ ನಾಯಿಗೂ ನಗು ಬಂದಿರಬೇಕು. ಆದರೂ ಸಹಾಯವಾಯಿತು.

ಇನ್ನು ಆ ಒಳಜ್ವರ. ಮಿದುಳಿಗೆ ಸುದ್ದಿ ಮುಟ್ಟಿದಾಗ ಅದು ಮೈಯ ಬಿಸಿಯ ಮಟ್ಟವನ್ನು ಸ್ವಲ್ಪ ಮೇಲಕ್ಕೆ ಗೊತ್ತುಮಾಡುತ್ತದೆ. ಇರುವ ಬಿಸಿ ಆ ಮಟ್ಟಕ್ಕಿಂತ ಕಡಿಮೆ ಇರುವಷ್ಟು ಹೊತ್ತು ಚಳಿ ಅನ್ನಿಸುತ್ತದೆ, ಸ್ನಾಯುಗಳು ಬಿಗಿಯುತ್ತವೆ, ನಡುಗುತ್ತವೆ. ನಡುಗುವುದು ಅಂದರೆ ಸ್ನಾಯುಗಳು ಬಿಸಿ ಹುಟ್ಟಿಸಲು ದುಡಿಯುವುದು. ದುಡಿದ ಮೇಲೆ ನೋವು. ದೊಡ್ಡವರಿಗೆ ಬರೀ ಶೀತವಾದಾಗ ಈ ಏರಿಕೆ ಬಹಳ ಸಲ ಇಲ್ಲವೇ ಇಲ್ಲ, ಇದ್ದರೂ ಥರ್ಮಾಮೀಟರಿನ ಕೆಂಪು ಗೆರೆ ಮುಟ್ಟುವುದಿಲ್ಲ. ಆದರೆ ಸುದ್ದಿಯಂತೂ ಹರಡಿರುತ್ತದೆ: ಊಟ ಸೇರದು, ಮಾತು ಬೇಡ, ಮೂಲೆ ಹಿಡಿದು ಮಲಗಬೇಕು. ಇದೆಲ್ಲ ಕಾಯಿಲೆ ಮಾಡಿದ ಹಾಳಲ್ಲ, ಮೈ ತಾನೇ ಹಾಕಿಕೊಳ್ಳುವ ವ್ಯವಸ್ಥೆ ಅಂತ 1988ರಲ್ಲಿ ಬೆಂಜಮಿನ್ ಹಾರ್ಟ್ ಎಂಬ ಅಮೆರಿಕದ ಪಶುವೈದ್ಯ ವಿಜ್ಞಾನಿ ಕಾಯಿಲೆಬಿದ್ದ ಪ್ರಾಣಿಗಳ ನಡವಳಿಕೆ ನೋಡಿ ಬರೆದರು. ಮಲಗಿದರೆ ಶಕ್ತಿ ಉಳಿಯುತ್ತದೆ, ಉಳಿದದ್ದು ಬಿಸಿಗೂ ಕಾದಾಟಕ್ಕೂ ಸಿಗುತ್ತದೆ.

ಪಶುಗಳ ಮಾತು ಬಂದಾಗ ನಮ್ಮ ಕೊಟ್ಟಿಗೆ ನೆನಪಾಯಿತು. ಮಳೆಗಾಲದಲ್ಲಿ ದನಗಳಿಗೆ ಮೂರು ದಿನದ ಜ್ವರ ಅಂತ ಒಂದು ಬರುತ್ತದೆ. ಅದೂ ವೈರಸ್ಸೇ, ಸೊಳ್ಳೆಯಂಥ ಕೀಟಗಳು ಹರಡುವುದು. ದನ ಕಾಲು ಎತ್ತಿಡಲಾರದೆ ಮರಗಟ್ಟಿದ ಹಾಗೆ ನಿಲ್ಲುತ್ತದೆ, ಕುಂಟುತ್ತದೆ, ಮೇವು ಬಿಡುತ್ತದೆ. ಹಾಗಾದಾಗ ಅವ್ವ ಅದನ್ನು ಮೇಯಲು ಬಿಡುವುದಿಲ್ಲ, ಒಣಹುಲ್ಲು ಹಾಸಿ, ಗೋಣಿ ಹೊದಿಸಿ, ಬೆಚ್ಚಗಿನ ನೀರಿಡುತ್ತಾಳೆ. "ಮೂಕಪ್ರಾಣಿ, ಮೈಕೈ ಎಷ್ಟು ನೋಯ್ತಿದೆಯೋ" ಅನ್ನುತ್ತಾಳೆ. ಅದೇ ಅವ್ವ ತನಗೆ ಶೀತವಾದ ದಿನ ಐದಕ್ಕೆ ಎದ್ದು ಒಲೆ ಹಚ್ಚಿರುತ್ತಾಳೆ. ನಮ್ಮ ಮನೆಯಲ್ಲಿ ಶೀತಕ್ಕೆ ರಜೆ ಸಿಗುವುದು ದನಕ್ಕೆ ಮತ್ತು ಗಂಡಸರಿಗೆ. ಹೆಂಗಸರಿಗೂ ಕೂಲಿಗೆ ಬರುವವರಿಗೂ ಇಲ್ಲ. ಬರೀ ಶೀತ ಅಂತ ಒಂದು ದಿನ ಬಿಟ್ಟರೆ ಆ ದಿನದ ಸಂಬಳ ಹೋಯಿತು. ಮೈಕೈ ನೋವು ಅಂದವನನ್ನು ಸೋಮಾರಿ ಅನ್ನುವ ಚಾಳಿ ನಮ್ಮ ಕಡೆ ಜೋರಾಗಿದೆ. ನಾನೂ ಅಂದವನೇ.

ಒದ್ದೆಯಾದರೆ ಶೀತ ಬರುತ್ತದೋ ಇಲ್ಲವೋ ಎಂಬುದು ನಮ್ಮ ಮನೆಯ ಮುಗಿಯದ ವ್ಯಾಜ್ಯ. ಬರುವುದಿಲ್ಲ, ಬರುವುದು ವೈರಸ್ಸಿನಿಂದ ಅಂತ ನನ್ನ ಪಕ್ಷ. ಒಳ್ಳೆಯ ಸಾಕ್ಷಿಯೂ ಇತ್ತು. ಇಂಗ್ಲೆಂಡಿನ ಸಾಲ್ಸ್‌ಬರಿ ಊರಿನ ಹತ್ತಿರ 1946ರಲ್ಲಿ ಶೀತದ ಅಧ್ಯಯನಕ್ಕೆಂದೇ ಒಂದು ಕೇಂದ್ರ ತೆರೆದು, ನಾಲ್ಕು ದಶಕಕ್ಕೂ ಹೆಚ್ಚು ಕಾಲ ಸ್ವಯಂಸೇವಕರನ್ನು ಇಟ್ಟುಕೊಂಡು ಪ್ರಯೋಗ ಮಾಡಿದರು. ಕೆಲವರಿಗೆ ಬಿಸಿನೀರಿನ ಸ್ನಾನ ಮಾಡಿಸಿ ಮೈ ಒರೆಸಲು ಬಿಡದೆ ಗಾಳಿ ಬೀಸುವ ಓಣಿಯಲ್ಲಿ ನಿಲ್ಲಿಸಿದರು, ಆಮೇಲೆ ಒದ್ದೆ ಕಾಲುಚೀಲ ಹಾಕಿಸಿದರು. ಬರೀ ಅಷ್ಟಕ್ಕೆ ಯಾರಿಗೂ ಶೀತ ಹಿಡಿಯಲಿಲ್ಲ. ಇದನ್ನು ನಾನು ಅವ್ವನಿಗೆ ಎಷ್ಟು ಸಲ ಹೇಳಿದ್ದೇನೋ. "ಅವರು ನಿಂತಿದ್ದು ಎಷ್ಟು ಹೊತ್ತು? ಇಲ್ಲಿ ಜೂನಿಂದ ನಿಂತಿದ್ದೀವಿ" ಅನ್ನುತ್ತಾಳೆ.

ಈ ಸಲ ಓದುವಾಗ ಎದುರು ಪಕ್ಷದ ಸಾಕ್ಷಿಯೂ ಸಿಕ್ಕಿತು. 2005ರಲ್ಲಿ ವೇಲ್ಸ್ ಪ್ರಾಂತ್ಯದ ಕಾರ್ಡಿಫ್‌ನಲ್ಲಿ ರಾನ್ ಎಕಲ್ಸ್ ತಂಡದವರು 180 ಜನರನ್ನು ಸೇರಿಸಿ, ಅರ್ಧ ಜನರ ಪಾದಗಳನ್ನು 20 ನಿಮಿಷ ತಣ್ಣೀರಿನಲ್ಲಿ ಇಡಿಸಿದರು. ಉಳಿದ ಅರ್ಧ ಜನ ಖಾಲಿ ಪಾತ್ರೆಯಲ್ಲಿ ಕಾಲಿಟ್ಟು ಕೂತರು. ಮುಂದಿನ ನಾಲ್ಕೈದು ದಿನದಲ್ಲಿ ಶೀತ ಬಂತು ಅಂದವರು ತಣ್ಣೀರಿನವರಲ್ಲಿ 13, ಖಾಲಿ ಪಾತ್ರೆಯವರಲ್ಲಿ 5. ಕಾಲು ತಣ್ಣಗಾದರೆ ಮೂಗಿನ ರಕ್ತನಾಳಗಳು ಕಿರಿದಾಗುತ್ತವೆ, ಅಲ್ಲಿಯವರೆಗೆ ಮೂಗಿನಲ್ಲಿ ಸದ್ದಿಲ್ಲದೆ ಕೂತಿದ್ದ ವೈರಸ್ಸಿಗೆ ಎಡೆ ಸಿಗುತ್ತದೆ ಎಂಬುದು ಅವರ ಊಹೆ. ವೈರಸ್ ಇತ್ತೇ ಅಂತ ಅವರು ಪರೀಕ್ಷೆ ಮಾಡಿರಲಿಲ್ಲ, ಜನ ಹೇಳಿದ್ದನ್ನೇ ಬರೆದುಕೊಂಡಿದ್ದರು. ಹಾಗಾಗಿ ತೀರ್ಪು ಇನ್ನೂ ಬಾಕಿ ಅಂತ ನನ್ನ ವಾದ. ಅವ್ವ ಅಷ್ಟೆಲ್ಲ ಕೇಳಿಸಿಕೊಳ್ಳಲಿಲ್ಲ. ಹದಿಮೂರು, ಐದು ಎಂಬುದಷ್ಟೇ ಅವಳ ಕಿವಿಗೆ ಬಿದ್ದದ್ದು. ತೂತು ಬಿದ್ದ ನನ್ನ ಎಡಗಾಲಿನ ಗಂಬೂಟನ್ನು ಅಂಗಳಕ್ಕೆ ಎಸೆದಳು.

ಮದ್ದಿನ ವಿಷಯಕ್ಕೆ ನಮ್ಮಲ್ಲಿ ಕೊರತೆಯೇ ಇಲ್ಲ. ಮನೆಯ ಹಿಂದೆಯೇ ಮೆಣಸು. ಕಾಳುಮೆಣಸು, ಶುಂಠಿ, ಬೆಲ್ಲ ಹಾಕಿ ಕುದಿಸಿದ ಕಷಾಯ ಕುಡಿದರೆ ಗಂಟಲಿಂದ ಎದೆಯವರೆಗೆ ಬೆಚ್ಚಗಾಗುತ್ತದೆ. ಮೆಣಸಿನೊಳಗಿನ ಪೈಪರಿನ್ ನರತುದಿಗಳಲ್ಲಿ ಬಿಸಿಯನ್ನು ಗುರುತಿಸುವ ಬಾಗಿಲನ್ನೇ ತಟ್ಟುತ್ತದೆ. ಹಸಿಮೆಣಸಿನಕಾಯಿಯ ಖಾರವೂ ಅದೇ ಬಾಗಿಲಿಗೆ. 1997ರಲ್ಲಿ ಆ ಬಾಗಿಲನ್ನು ಹುಡುಕಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಸಿಕ್ಕಿತು. ಅಮೃತಾಂಜನದಂಥ ಮುಲಾಮಿನ ಮೆಂಥಾಲ್ ತಟ್ಟುವುದು ತಂಪಿನ ಬಾಗಿಲನ್ನು. ಕಟ್ಟಿದ ಮೂಗು ಬಿಟ್ಟ ಹಾಗೆ ಅನ್ನಿಸುತ್ತದೆ, ಅಳತೆ ಮಾಡಿದರೆ ಗಾಳಿ ಮೊದಲಿನಷ್ಟೇ ಓಡಾಡುತ್ತಿರುತ್ತದೆಯಂತೆ. ಅಂದರೆ ಎರಡೂ ಒಂದು ಬಗೆಯ ಸುಳ್ಳು. ರಾತ್ರಿ ಎರಡು ಗಂಟೆಗೆ ಸೊಂಟ ಹಿಡಿದು ಕೂತವನಿಗೆ ಆ ಸುಳ್ಳು ಬೇಕು. ನಾನು ಎರಡನ್ನೂ ಬಿಟ್ಟಿಲ್ಲ.

ನಿಜವಾದ ಬಿಸಿ ಬೇಕೆಂದರೆ ಬಚ್ಚಲುಮನೆ. ಹಂಡೆಯ ಕೆಳಗೆ ಕಾಫಿಗಿಡದ ಒಣಗಿದ ಬೊಡ್ಡೆ ಉರಿಯುತ್ತಿರುತ್ತದೆ, ಹೊಗೆಯ ಜೊತೆ ಒಂದು ಸಿಹಿ ವಾಸನೆ. ಬಿಸಿನೀರನ್ನು ಚೊಂಬು ಚೊಂಬಾಗಿ ಸೊಂಟದ ಮೇಲೆ ಸುರಿದುಕೊಂಡರೆ ಬಿಗಿದ ಸ್ನಾಯು ಸಡಿಲವಾಗುವುದು ಗೊತ್ತಾಗುತ್ತದೆ. ಶೀತವಾದಾಗ ಸ್ನಾನ ಮಾಡಬಾರದು ಅನ್ನುವವರೂ ಮನೆಯಲ್ಲಿದ್ದಾರೆ. ಅವರ ಮಾತು ಕೇಳಲಿಲ್ಲ. ಆದರೆ ಎರಡು ದಿನ ಪೂರ್ತಿ ಮಲಗಿದ್ದು ನನ್ನ ತಪ್ಪು. ಎರಡನೆಯ ಸಂಜೆ ನೋವು ಹೆಚ್ಚಾಗಿತ್ತು, ಅದರಲ್ಲಿ ವೈರಸ್ಸಿನ ಪಾಲಿಗಿಂತ ನಮ್ಮ ಗುಂಡಿ ಬಿದ್ದ ಹತ್ತಿಹಾಸಿಗೆಯ ಪಾಲೇ ಜಾಸ್ತಿ. ಗಂಟೆಗೊಮ್ಮೆ ಎದ್ದು ಜಗುಲಿಯಲ್ಲಿ ಅಡ್ಡಾಡಿದ ದಿನ ಹಗುರವಾಯಿತು.

ಪ್ಯಾರಾಸಿಟಮಾಲ್ ನುಂಗಿದೆ. ಅದು ವೈರಸ್ಸನ್ನು ಮುಟ್ಟುವುದಿಲ್ಲ, ನೋವನ್ನಷ್ಟೇ ತಗ್ಗಿಸುತ್ತದೆ, ನಿದ್ದೆ ಬರುತ್ತದೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಯಾಕೆಂದರೆ ನಾನೇ ಎಡವುತ್ತಿದ್ದೆ. ಜ್ವರದ ಮಾತ್ರೆ ಬೇರೆ, ಶೀತದ ಮಾತ್ರೆ ಬೇರೆ ಅಂತ ಎರಡನ್ನೂ ತಂದಿದ್ದೆ. ಶೀತದ ಮಾತ್ರೆಯ ಹಿಂಬದಿಯ ಸಣ್ಣ ಅಕ್ಷರ ಓದಿದರೆ ಅದರಲ್ಲೂ ಪ್ಯಾರಾಸಿಟಮಾಲ್. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು, ಮೀರಿದರೆ ಲಿವರ್ ಹಾಳಾಗುತ್ತದೆ. 650 ಮಿಲಿಗ್ರಾಂನ ಮಾತ್ರೆ ಆರು ನುಂಗಿದರೆ ಮಿತಿಯ ಅಂಚು. ಕೊಡಗಿನ ಶೀತಕ್ಕೆ ಬ್ರಾಂಡಿ, ಮೆಣಸು, ಜೇನು ಅಂತ ಒಂದು ಖಾಯಂ ಸಲಹೆ ಇದೆಯಲ್ಲ, ಕೇಳದೆಯೇ ಮೂರು ಮನೆಯಿಂದ ಬಂತು. ದಿನವೂ ಕುಡಿಯುವವರ ಲಿವರ್ ಈ ಮಾತ್ರೆಯನ್ನು ಇನ್ನೂ ಕಡಿಮೆ ತಾಳುತ್ತದೆ. ಜೇನು, ಮೆಣಸು ಇಟ್ಟುಕೊಂಡು ಬ್ರಾಂಡಿಯನ್ನು ಮಾತ್ರ ವಾಪಸ್ ಕಳಿಸಿದೆ. ಕಳಿಸಿದವರಿಗೆ ಬೇಜಾರಾಯಿತು.

ಆಗಸ್ಟ್ 3, ಅಂದರೆ ಆಟಿ ಹದಿನೆಂಟು. ನನ್ನ ಹೆಂಡತಿಯ ತವರು ಭಾಗಮಂಡಲದ ಕಡೆ. ಆ ದಿನ ಅವಳು ಮದ್ದುಸೊಪ್ಪಿನ ಪಾಯಸ ಮಾಡದೆ ಬಿಡುವವಳಲ್ಲ. ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುವ ದಿನ ಅದು ಅಂತ ನಂಬಿಕೆ. ಕೊಡವರ ಮನೆಗಳಲ್ಲಿ ಕಕ್ಕಡ ಪದಿನೆಟ್ಟ್ ಅನ್ನುತ್ತಾರೆ. ಸೊಪ್ಪನ್ನು ಕುದಿಸಿದರೆ ನೀರು ಕಡುನೇರಳೆ ಬಣ್ಣಕ್ಕೆ ತಿರುಗಿ ಮನೆತುಂಬ ಘಮಘಮ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕುತ್ತಾಳೆ. ಮೂಗು ಕಟ್ಟಿದ್ದರಿಂದ ನನಗೆ ಘಮ ಗೊತ್ತಾಗಲಿಲ್ಲ, ಆದರೂ ಎರಡು ಬಟ್ಟಲು ತಿಂದೆ.

ಅದೇ ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಮತ್ತೆ ಓದುತ್ತಿದ್ದೆ. ಅಪರೂಪಕ್ಕೆ ವೈರಸ್ ಸೋಂಕಿನಲ್ಲಿ ಸ್ನಾಯುಗಳೇ ಕರಗಿ, ಅವುಗಳ ಬಣ್ಣ ಮೂತ್ರಕ್ಕೆ ಇಳಿದು, ಮೂತ್ರ ಹಾಲು ಹಾಕದ ಕಟ್ಟುಕಾಫಿಯ ಬಣ್ಣವಾಗುತ್ತದೆ, ಕಿಡ್ನಿಗೆ ಅಪಾಯ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಅಂತ ಇತ್ತು. ಬೆಳಿಗ್ಗೆ ಎದ್ದು ಪಾಯಖಾನೆಗೆ ಹೋದೆ. ಕೆಂಪು! ನಿಂತಲ್ಲೇ ಬೆವೆತೆ. ಸ್ನಾಯು ಕರಗಿತು, ಕಿಡ್ನಿ ಹೋಯಿತು, ಮಡಿಕೇರಿಯವರೆಗೆ ಈ ಮಳೆಯಲ್ಲಿ ಯಾರ ಜೀಪು ಸಿಗುತ್ತದೆ ಅಂತ ಯೋಚಿಸುತ್ತಾ ಸೊಂಟದ ನೋವೂ ಮರೆತು ಅಡುಗೆಮನೆಗೆ ಓಡಿದೆ. ಹೆಂಡತಿ ನನ್ನ ಮುಖ ನೋಡಿದಳು, ವಿಷಯ ಕೇಳಿದಳು, ಹಿಟ್ಟು ಕಲಸುತ್ತಿದ್ದ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಇಪ್ಪತ್ತೆರಡು ವರ್ಷದಿಂದ ಪ್ರತಿ ಆಟಿಯಲ್ಲೂ ಆ ಪಾಯಸ ತಿಂದಿದ್ದೇನೆ. ಪ್ರತಿ ಸಲವೂ ಮರುದಿನ ಕೆಂಪಾಗಿಯೇ ಹೋಗುತ್ತದೆ. ಮದ್ದು ಮೈಗೆ ಹಿಡಿಯಿತು ಅಂತ ಲೆಕ್ಕ.

ನಗು ಮುಗಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಹಿಂದಿನ ವರ್ಷದ ಮಳೆಗಾಲ ಇಬ್ಬರಿಗೂ ನೆನಪಾಗಿತ್ತು.

ನಮ್ಮಲ್ಲಿ ಕೆಲಸಕ್ಕೆ ಬರುವ ಒಬ್ಬ ಹುಡುಗ, ಇಪ್ಪತ್ತಾರೋ ಇಪ್ಪತ್ತೇಳೋ. ಶೀತಕ್ಕೆ ಏಡಿಸಾರು ಒಳ್ಳೆಯದು ಅಂತ ನಮ್ಮಲ್ಲಿ ಎಲ್ಲರೂ ನಂಬುತ್ತಾರೆ. ಅವನ ಮಗುವಿಗೆ ಶೀತವಾಗಿತ್ತು. ಸಂಜೆ ಕೆಲಸ ಮುಗಿಸಿ ನೀರು ನಿಂತ ಗದ್ದೆಗೆ ಬರಿಗಾಲಲ್ಲಿ ಇಳಿದು ಏಡಿ ಹಿಡಿಯುತ್ತಿದ್ದ, ಒಂದು ವಾರ. ಕಾಲಿನಲ್ಲಿ ಜಿಗಣೆ ಕಚ್ಚಿದ, ಮುಳ್ಳು ತರಚಿದ ಗಾಯಗಳು ಇದ್ದವು, ನಮ್ಮಲ್ಲಿ ಯಾರ ಕಾಲಿನಲ್ಲಿ ಇರುವುದಿಲ್ಲ? ಹತ್ತು ದಿನದ ಮೇಲೆ ಒಂದು ಬೆಳಿಗ್ಗೆ, "ಅಣ್ಣ, ಮೈಕೈ ಎಲ್ಲ ನೋವು, ಸೊಂಟ ಎತ್ತಕ್ಕಾಗ್ತಿಲ್ಲ, ಚಳಿ" ಅಂದ. ನಾನು ಜಗುಲಿಯಿಂದಲೇ ಹೇಳಿದೆ, "ಥಂಡಿ ಕಣೋ. ಮಳೆಯಲ್ಲಿ ನೆನೆದಿದ್ದೀಯ. ಒಳಜ್ವರ." ಎರಡು ಮಾತ್ರೆ ಕೊಟ್ಟೆ. ಮಧ್ಯಾಹ್ನದವರೆಗೆ ಕೆಲಸ ಮಾಡಿ ಹೋದ.

ಮೂಗು ಸೋರುತ್ತಿದೆಯಾ ಅಂತ ನಾನು ಕೇಳಲಿಲ್ಲ. ಸೋರುತ್ತಿರಲಿಲ್ಲ. ಸೀನೂ ಇರಲಿಲ್ಲ. ಶೀತದ ಮುಖ್ಯ ಗುರುತೇ ಇಲ್ಲದವನಿಗೆ ಶೀತದ ಹೆಸರಿಟ್ಟೆ. ನಾಲ್ಕನೆಯ ದಿನ ಅವನ ಹೆಂಡತಿ ಓಡಿ ಬಂದಳು. ಹೋಗಿ ನೋಡಿದರೆ ಕಣ್ಣು ಕೆಂಡದ ಹಾಗೆ ಕೆಂಪು. ಕಾಲಿನ ಮೀನಖಂಡ ಮುಟ್ಟಿದರೆ ಕಿರುಚುತ್ತಿದ್ದ. ಮೂತ್ರ ಕಡುಬಣ್ಣ, ಅವನ ಮನೆಯಲ್ಲಿ ಯಾರೂ ಪಾಯಸ ಮಾಡಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಮೀನಖಂಡ ಒತ್ತಿ, ಕಣ್ಣು ಬಿಡಿಸಿ ನೋಡಿ, ರಕ್ತ ತೆಗೆಯಲು ಹೇಳಿ, ರಿಪೋರ್ಟ್ ಬರುವವರೆಗೂ ಕಾಯದೆ ಇಂಜೆಕ್ಷನ್ ಶುರುಮಾಡಿಸಿದರು. ಇಲಿಜ್ವರ.

ಇಲಿ, ಹೆಗ್ಗಣಗಳ ಮೂತ್ರ ಸೇರಿದ ನೀರು, ಕೆಸರು ಗಾಯಕ್ಕೆ ತಾಗಿದರೆ ಆ ರೋಗಾಣು ಒಳಗೆ ಹೋಗುತ್ತದೆ. ಅದು ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಹಾಗಾಗಿ ಬರೀ ಶೀತಕ್ಕೆ ಕೆಲಸಕ್ಕೆ ಬಾರದ ಆಂಟಿಬಯಾಟಿಕ್ ಇಲ್ಲಿ ಜೀವ ಉಳಿಸುತ್ತದೆ, ಅದೂ ಮೊದಲ ದಿನಗಳಲ್ಲೇ ಕೊಟ್ಟರೆ. ತಡವಾದರೆ ಲಿವರ್, ಕಿಡ್ನಿ ಎರಡಕ್ಕೂ ಬರಬಹುದು. "ಗೌಡ್ರೇ, ಇನ್ನೆರಡು ದಿನ ಬಿಟ್ಟಿದ್ರೆ ಕಷ್ಟ ಇತ್ತು" ಅಂದರು ಡಾಕ್ಟರು. ಹುಡುಗ ಒಂಬತ್ತು ದಿನ ಮಲಗಿ ಎದ್ದುಬಂದ. ಈಗ ಚೆನ್ನಾಗಿದ್ದಾನೆ. ನನ್ನ ಮೇಲೆ ಸಿಟ್ಟೂ ಇಲ್ಲ. ಮಾತ್ರೆ ಕೊಟ್ಟಿದ್ದಕ್ಕೆ ಇವತ್ತಿಗೂ ಉಪಕಾರ ನೆನೆಯುತ್ತಾನೆ, ಅದನ್ನು ಕೇಳುವುದು ನನಗೆ ಕಷ್ಟ.

ಆವತ್ತು ಡಾಕ್ಟರ ಹತ್ತಿರ ಕೂತು ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿಡುತ್ತೇನೆ. ಮೂಗು ಸೋರದೆ, ಸೀನದೆ, ಒಮ್ಮೆಲೇ ಜೋರು ಜ್ವರ, ಮೈಕೈ ನೋವು ಬಂದರೆ ಶೀತ ಅನ್ನಬೇಡಿ. ಫ್ಲೂ ಇರಬಹುದು, ಡೆಂಗ್ಯೂ ಇರಬಹುದು, ಇಲಿಜ್ವರ ಇರಬಹುದು. ಮೀನಖಂಡ ನೋವು ಫ್ಲೂನಲ್ಲೂ ಬರುತ್ತದೆ, ಅದೊಂದರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ. ಆದರೆ ಗದ್ದೆ, ಚರಂಡಿಯಲ್ಲಿ ಕಾಲಿಟ್ಟವರು ಅದನ್ನು ಡಾಕ್ಟರಿಗೆ ಹೇಳಲೇಬೇಕು, ಅವರು ಕೇಳದಿದ್ದರೂ. ಡೆಂಗ್ಯೂ ಅನುಮಾನ ಇರುವ ಕಾಲದಲ್ಲಿ ಬೆನ್ನು ನೋವಿಗೆ ಅಂತ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ತಾವೇ ತಂದು ನುಂಗಬಾರದು, ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ಬೆನ್ನಿನ ಒಂದೇ ಪಕ್ಕ, ಪಕ್ಕೆಲುಬಿನ ಕೆಳಗೆ ನೋವು, ನಡುಕ ಬರುವ ಜ್ವರ, ಉರಿಮೂತ್ರ ಒಟ್ಟಿಗೆ ಇದ್ದರೆ ಅದು ಕಿಡ್ನಿಯ ಸೋಂಕಿರಬಹುದು. ಉಸಿರೆಳೆದರೆ ಎದೆ ಚುಚ್ಚಿ ದಮ್ಮು ಕಟ್ಟಿದರೆ ನ್ಯುಮೋನಿಯಾ ನೋಡಬೇಕು. ಕಾಲಲ್ಲಿ ಶಕ್ತಿ ಹೋದರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಬೆಳಗಾಗಲಿ ಅಂತ ಕಾಯಬಾರದು. ಇವೇನೂ ಇಲ್ಲದ ಬರೀ ಶೀತದ ನೋವು ಎರಡು ಮೂರು ದಿನದಲ್ಲಿ ಇಳಿಯುತ್ತದೆ, ಶೀತ ವಾರ ಹತ್ತು ದಿನದಲ್ಲಿ, ಕೆಮ್ಮು ಮಾತ್ರ ಮೂರು ವಾರ ಕಾಡಿದರೂ ಕಾಡೀತು.

ನನ್ನದು ಬರೀ ಶೀತವೇ. ಐದನೆಯ ದಿನ ಹೊಸ ಗಂಬೂಟು ಹಾಕಿ ಮೇಲಿನ ಚರಂಡಿಗೆ ಹೋದೆ, ಆಳು ಕರೆದುಕೊಂಡೇ.

ನಾನು ಏಳುವ ಹೊತ್ತಿಗೆ ಅವ್ವ ಸೀನಲು ಶುರುಮಾಡಿದ್ದಳು. ಕಂಬಳಿ, ಒಲೆಯ ಪಕ್ಕದ ಜಾಗ ಎರಡನ್ನೂ ಅವಳಿಗೆ ಬಿಟ್ಟುಕೊಟ್ಟೆ. ಮೊದಲ ದಿನ ಬಲವಂತ ಮಾಡಿ ಕೂರಿಸಬೇಕಾಯಿತು, ದನಕ್ಕೆ ಹಾಸಿದ ಹಾಗೆ ನನಗೂ ಹಾಸಿದ್ದೀಯ ಅಂತ ಗೊಣಗಿದಳು. ರಾತ್ರಿ ಹತ್ತಿರ ಹೋಗಿ ಕೂತು ಕಣ್ಣು ನೋಡಿದೆ, ಕೆಂಪಿರಲಿಲ್ಲ. ಮೂಗು ಸೋರುತ್ತಿತ್ತು, ಅದು ಕಂಡು ಸಮಾಧಾನ. ಆದರೂ ಇರಲಿ ಅಂತ ಸೀರೆಯಂಚು ಸರಿಸಿ ಮೀನಖಂಡವನ್ನು ಮೆಲ್ಲಗೆ ಒತ್ತಿದೆ.

"ನೋವಾಗ್ತಿದೆಯಾ ಅವ್ವ?"

"ಒತ್ತೋದಾದ್ರೆ ಸರಿಯಾಗಿ ಒತ್ತೋ" ಅಂದಳು. ಆಮೇಲೆ ಇನ್ನೊಂದು ಕಾಲನ್ನೂ ಕಂಬಳಿಯಿಂದ ಹೊರಗೆ ಚಾಚಿದಳು.